ವನಮಾಲೆಯ ಎಣಿಕೆ

ನನಗೆ ಈಜು ಬರುತ್ತಿರಲಿಲ್ಲ. ಸಮುದ್ರದ ದಂಡೆಯಲ್ಲಿ ಹುಟ್ಟಿದ ಗಂಡಸಿಗೆ ಇದು ಹೇಳಿಕೊಳ್ಳುವ ವಿಷಯವಲ್ಲ. ಮೀನಿನ ದೋಣಿಯವರು ಯಾರೂ ನನ್ನನ್ನು ಕರೆಯಲಿಲ್ಲ. ನೀನು ಬಿದ್ದರೆ ನಿನ್ನ ಹಿಂದೆ ಇನ್ನೊಬ್ಬ ಹಾರಬೇಕು, ಅಷ್ಟು ಹೊತ್ತು ಬಲೆ ಹಿಡಿಯುವವರು ಯಾರು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಇಪ್ಪತ್ತರ ವಯಸ್ಸಿಗೆ ನಾನು ಬೆಸದವನಾದೆ.

ಬೆಸದವನ ಕೆಲಸ ಕೂರುವುದು. ನಮ್ಮ ಊರಿನಿಂದ ಉತ್ತರಕ್ಕೆ ಹೊರಟ ದೋಣಿಯಲ್ಲಿ ಸಮಸಂಖ್ಯೆಯ ಜನರಿದ್ದರೆ ಅದು ಆಚೆ ಊರನ್ನು ತಲುಪುವುದಿಲ್ಲ. ನಡುವೆ ಗುಡ್ಡವೊಂದು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದಕ್ಕೆ ಮೂಗು ಎನ್ನುತ್ತೇವೆ. ಬೆಸಸಂಖ್ಯೆಯಲ್ಲಿ, ಮೂವರೋ ಐವರೋ ಇದ್ದರೆ ಮೂಗು ದಾಟಿದ ಕೂಡಲೇ ಆಚೆ ಊರಿನ ಬಿಳಿ ನೀರಿನ ಟ್ಯಾಂಕು ಕಾಣುತ್ತದೆ. ಇಬ್ಬರೋ ನಾಲ್ವರೋ ಇದ್ದರೆ ಕಾಣುವುದು ನಮ್ಮದೇ ಊರಿನ ದಕ್ಷಿಣದ ಕೊನೆ, ಮಂಜುಗಡ್ಡೆ ಕಾರ್ಖಾನೆಯ ಕೆಂಪು ತಗಡು. ದೋಣಿ ತಿರುಗಿರುವುದಿಲ್ಲ, ದಿಕ್ಸೂಚಿಯ ಮುಳ್ಳು ಅಲುಗಿರುವುದಿಲ್ಲ. ಉತ್ತರಕ್ಕೆ ಹೋದವರು ಉತ್ತರಕ್ಕೇ ಮುಖ ಮಾಡಿಕೊಂಡು ದಕ್ಷಿಣದಿಂದ ಬಂದಿರುತ್ತಾರೆ. ಯಾರಿಗೂ ಏನೂ ಆಗಿರುವುದಿಲ್ಲ. ಡೀಸೆಲ್ ಸುಟ್ಟಿರುತ್ತದೆ, ಹೊತ್ತು ಹೋಗಿರುತ್ತದೆ, ಅಷ್ಟೆ.

ಊರು ಇದಕ್ಕೆ ಹೊಂದಿಕೊಂಡಿದೆ. ಗಂಡ ಹೆಂಡತಿ ದೋಣಿಯವನ ಜೊತೆ ಹೊರಟರೆ ಮೂವರು, ತೊಂದರೆಯಿಲ್ಲ. ಆದರೆ ನಮ್ಮಲ್ಲಿ ದೊಡ್ಡ ದೋಣಿಗಳಿಗೆ ಇಬ್ಬರು ಆಳು, ಆಗ ನಾಲ್ವರಾಗುತ್ತಾರೆ. ಅತ್ತೆಯನ್ನು ಕರೆದುಕೊಂಡು ಹೋಗಲು ಮನಸ್ಸಿಲ್ಲದವರು ನನ್ನನ್ನು ಕರೆಯುತ್ತಾರೆ. ಮದುವೆ ದಿಬ್ಬಣದಲ್ಲಿ ಒಬ್ಬ ಮುನಿಸಿಕೊಂಡು ಇಳಿದರೆ ಇನ್ನೊಬ್ಬನನ್ನೂ ಇಳಿಸುತ್ತಾರೆ, ಅವನಿಗೆ ಯಾವ ಮುನಿಸು ಇಲ್ಲದಿದ್ದರೂ. ಆಡು, ಕೋಳಿ, ನಾಯಿ ಲೆಕ್ಕಕ್ಕಿಲ್ಲ. ಹೆಣ ಲೆಕ್ಕಕ್ಕಿಲ್ಲ. ಹೊಟ್ಟೆಯಲ್ಲಿರುವ ಮಗುವೂ ಲೆಕ್ಕಕ್ಕಿಲ್ಲ. ಹುಟ್ಟಿ ಅತ್ತ ಮೇಲೆ ಲೆಕ್ಕ. ಇದನ್ನೆಲ್ಲ ಅಜ್ಜಂದಿರು ಇಂಜಿನ್ ಇಲ್ಲದ ಕಾಲದಲ್ಲಿ ಹುಟ್ಟು ಹಾಕಿ ಹಾಕಿ ತೋಳು ನೋಯಿಸಿಕೊಂಡು ತಿಳಿದುಕೊಂಡದ್ದು.

ಹೊರಡುವಾಗ ಎಣಿಕೆಯಾಗಬೇಕು. ಒಬ್ಬೊಬ್ಬರೂ ತಮ್ಮ ಸಂಖ್ಯೆಯನ್ನು ತಮ್ಮ ಬಾಯಿಂದಲೇ ಹೇಳಬೇಕು. ಕೈಗೂಸಿನ ಸಂಖ್ಯೆಯನ್ನು ಎತ್ತಿಕೊಂಡವರು ಹೇಳುತ್ತಾರೆ. ದಾರಿಯಲ್ಲಿ ಯಾರಾದರೂ ಹತ್ತಿದರೆ ಅಥವಾ ಇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ಹೀಗೆ ಸರಿಯಾಗಿ ಎಣಿಸಿಕೊಂಡು ಹೋದ ದೋಣಿ ದಕ್ಷಿಣದಿಂದ ಬಂದರೆ ದೋಣಿ ಕಟ್ಟುವ ಧಕ್ಕೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಒಬ್ಬರು ಕಡಿಮೆಯಾಗಿದ್ದಾರೆ ಎಂದು ಅರ್ಥ. ಯಾರು ಎನ್ನುವುದು ದೋಣಿ ಹತ್ತಿರ ಬರುವ ತನಕ ತಿಳಿಯುವುದಿಲ್ಲ.

ಮಾಬ್ಲ ಮತ್ತು ವಾರಿಜ ಮದುವೆಯಾದಾಗಿನಿಂದ ನಾನು ಅವರ ಬೆಸದವನು. ಮಾಬ್ಲನಿಗೆ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ, ಅವಳು ಹೊಲಿಗೆ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಆಚೆ ಊರಿಗೆ ಸಿನಿಮಾಕ್ಕೆ ಹೋಗುತ್ತಿದ್ದರು. ನಾನು ಟಾಕೀಸಿನ ಹೊರಗೆ ಕೂರುತ್ತೇನೆ ಎಂದರೆ ವಾರಿಜ ಕೇಳುತ್ತಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸುತ್ತಿದ್ದಳು. ಕಡಲೆಕಾಯಿ ಪೊಟ್ಟಣ ಮೂವರ ನಡುವೆ ಓಡಾಡುತ್ತಿತ್ತು. ಅವಳಿಗೆ ಐದು ತಿಂಗಳಾಗಿ, ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬರುವಾಗ ಮಾಬ್ಲ ನನ್ನ ಬೆನ್ನಿಗೆ ಗುದ್ದಿ, "ಮಗು ಆದ್ರೆ ನಿನ್ನ ಕೆಲಸ ಹೋಯ್ತು ಸುಕ್ರ. ಅದೇ ನಮ್ಮ ಬೆಸ" ಎಂದ. ವಾರಿಜ ನಕ್ಕು, "ಎರಡನೇದು ಆಗುವಾಗ ಪುನಃ ಕರೀತೇವೆ ಮಾರಾಯ, ಬೇಜಾರು ಮಾಡ್ಬೇಡ" ಎಂದಳು. ನಾನು ಬೇಜಾರು ಮಾಡಿಕೊಂಡಿರಲಿಲ್ಲ. ನಾಮಕರಣಕ್ಕೆ ಹೊಸ ಅಂಗಿ ತೆಗೆದುಕೊಳ್ಳಬೇಕು ಎಂದು ಯೋಚಿಸುತ್ತಿದ್ದೆ.

ಎಂಟನೇ ತಿಂಗಳಲ್ಲಿ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಅವಳಿಗೆ ರಕ್ತ ಹೋಗತೊಡಗಿತು. ವಾರಿಜಳ ತಾಯಿ ದುಗ್ಗಮ್ಮನೇ ಊರಿನ ಸೂಲಗಿತ್ತಿ. ಊರಿನ ಅರ್ಧ ಜನ ಅವಳ ಕೈಗೆ ಬಿದ್ದವರು, ನಾನೂ ಸೇರಿ. ಅವಳು ಮಗಳ ಹೊಟ್ಟೆ ಮುಟ್ಟಿ ನೋಡಿ, ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡು, "ಇದು ನನ್ನ ಕೈಲಿ ಇಲ್ಲ, ಆಸ್ಪತ್ರೆಗೆ ಹೊರಡಿಸಿ" ಎಂದಳಂತೆ. ದುಗ್ಗಮ್ಮನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಮಾಬ್ಲ ನನ್ನ ಮನೆಗೆ ಓಡಿ ಬಂದಾಗ ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಆಸ್ಪತ್ರೆ ಇರುವುದು ಆಚೆ ಊರಿನಲ್ಲಿ. ಗುಡ್ಡ ಸುತ್ತಿ ಹೋಗುವ ದಾರಿಗೆ ಇಡೀ ದಿನ ಬೇಕು. ಸಮುದ್ರದಲ್ಲಿ ಒಂದೂಮುಕ್ಕಾಲು ಗಂಟೆ. ಮಲಗಿಸಿಕೊಂಡು ಹೋಗಲು ಕ್ಯಾಬಿನ್ ಇದ್ದದ್ದು ಒಂದೇ ಲಾಂಚಿಗೆ, ಪುರ್ಸಣ್ಣನ ವನಮಾಲೆಗೆ. ಅದು ಮೊದಲು ಹೆಂಚಿನ ಕಾರ್ಖಾನೆಯ ಧಣಿ ವಿಹಾರಕ್ಕೆಂದು ಮಾಡಿಸಿದ್ದ ಸಣ್ಣ ಮೋಟಾರು ಲಾಂಚು. ಇಪ್ಪತ್ತನಾಲ್ಕು ಅಡಿ ಉದ್ದ. ಕ್ಯಾಬಿನ್ನಿನಲ್ಲಿ ಎದುರುಬದುರು ಎರಡು ಹಲಗೆ ಹಾಸಿಗೆ, ಎರಡು ದುಂಡು ಕಿಟಕಿ, ನೀರು ಬಾರದ ಒಂದು ನಲ್ಲಿ. ಧಣಿ ಸತ್ತ ಮೇಲೆ ಪುರ್ಸಣ್ಣ ಅದನ್ನು ಕೊಂಡು, ಮೆತ್ತೆಗಳನ್ನು ಮಾತ್ರ ಬದಲಿಸಿ, ಒಬ್ಬನೇ ಓಡಿಸುತ್ತಿದ್ದ. ಅರವತ್ತು ದಾಟಿದ ಮನುಷ್ಯ. ಎಣಿಕೆಯ ವಿಷಯದಲ್ಲಿ ಅವನಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಒಮ್ಮೆ ಪೊಲೀಸಿನವನೊಬ್ಬ ಸಂಖ್ಯೆ ಹೇಳಲು ನಾಚಿಕೊಂಡನೆಂದು ಅವನನ್ನು ಧಕ್ಕೆಯ ಮೇಲೆಯೇ ಬಿಟ್ಟು ಹೋಗಿದ್ದ.

ವಾರಿಜಳನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದೆವು. ಹಲಗೆಯ ಮೇಲೆ ಮಲಗಿಸುವಾಗ ಅವಳು ನನ್ನನ್ನು ನೋಡಿ, "ಇವತ್ತು ಯಾವ ಸಿನಿಮಾ?" ಎಂದು ಕೇಳಿದಳು. ತುಟಿ ಬೆಳ್ಳಗಾಗಿತ್ತು.

"ಎಣಿಕೆ," ಎಂದ ಪುರ್ಸಣ್ಣ. "ಒಂದು."

"ಎರಡು," ಎಂದ ಮಾಬ್ಲ.

"ಮೂರು," ಎಂದಳು ದುಗ್ಗಮ್ಮ.

"ನಾಲ್ಕು." ಅದು ಕ್ಯಾಬಿನ್ನಿನ ಒಳಗಿನಿಂದ.

"ಐದು," ಎಂದು ನಾನು ಹೇಳಿ ಹಗ್ಗ ಬಿಚ್ಚಿದೆ.

ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅಲೆ ಇತ್ತು. ಇಳಿತ ಮುಗಿದು ಭರತ ಶುರುವಾಗುವ ಹೊತ್ತು. ಒಳಗಿನ ನೀರಿಗೂ ಹೊರಗಿನ ನೀರಿಗೂ ಜಗಳ. ಪುರ್ಸಣ್ಣ ಇಂಜಿನ್ ತಗ್ಗಿಸಿ ಎರಡು ದೊಡ್ಡ ಅಲೆ ಹೋಗಲು ಬಿಟ್ಟು, ಮೂರನೆಯದರ ಬೆನ್ನಿಗೆ ಲಾಂಚನ್ನು ನುಗ್ಗಿಸಿದ. ಮೂತಿ ಎದ್ದು ಬಿತ್ತು. ಒಳಗೆ ವಾರಿಜ ಕೂಗಿದಳು. "ಮೆಲ್ಲಗೆ ಪುರ್ಸಣ್ಣ!" ಎಂದು ಮಾಬ್ಲ ಗದರಿದ. "ಮೆಲ್ಲಗೆ ಹೋದ್ರೆ ಅಡ್ಡ ಬೀಳ್ತೇವೆ. ನೀನು ಒಳಗೆ ಹೋಗಿ ಅವಳ ಭುಜ ಹಿಡ್ಕೊ," ಎಂದ ಪುರ್ಸಣ್ಣ, ಚುಕ್ಕಾಣಿಯ ಚಕ್ರ ಹಿಡಿದು, ಅಲೆಯಿಂದ ಕಣ್ಣು ತೆಗೆಯದೆ. ಅಳಿವೆ ದಾಟಿದ ಮೇಲೆ ಸಮುದ್ರ ಉದ್ದುದ್ದ ಉಬ್ಬುಗಳಾಗಿ ಪಡುವಣದಿಂದ ಬರುತ್ತಿತ್ತು, ಲಾಂಚು ತೊಟ್ಟಿಲಿನಂತೆ ಪಕ್ಕಕ್ಕೆ ತೂಗುತ್ತಿತ್ತು. ಬಲಗಡೆ ದಂಡೆ, ಗಾಳಿಮರದ ಸಾಲು, ಸೂರ್ಯ. ನನ್ನ ಕೆಲಸ ಬಲೆಯ ತೇಲುಬುಂಡೆಗಳನ್ನು ನೋಡಿ ಹೇಳುವುದು, ಕೈಪಂಪಿನಿಂದ ತಳದ ನೀರು ಹೊರಹಾಕುವುದು. ತಳದ ನೀರು ಆ ದಿನ ಕೆಂಪಗಿತ್ತು. ನಾನು ಯಾರಿಗೂ ಹೇಳದೆ ಪಂಪು ಮಾಡಿದೆ.

ಧಕ್ಕೆ ಬಿಟ್ಟು ಅರ್ಧ ಗಂಟೆಯಾಗಿರಬೇಕು, ಬೋಳುಕಲ್ಲು ಕಾಣಿಸಿತು. ಮೂಗಿಗೆ ಹತ್ತು ನಿಮಿಷ ಮೊದಲು ಸಿಗುವ ಬಂಡೆ ಅದು, ಒಂದು ಕೋಣೆಯಷ್ಟು ಅಗಲ. ಮೇಲೆ ದೀಪವಿಲ್ಲದ ಒಂದು ಕಬ್ಬಿಣದ ದೀಪದ ಕಂಬ. ಆಗ ಒಳಗೆ ದುಗ್ಗಮ್ಮನ ದನಿ ಏರಿತು, "ಬಲ ಹಾಕು, ಹಾಕು ಮಗಾ, ಇನ್ನೊಂದು ಸಲ." ಮಾಬ್ಲ ಬಾಗಿಲಿನಿಂದ ಹಿಮ್ಮುಖವಾಗಿ ಹೊರಗೆ ಬಂದು ಹಲಗೆ ಹಿಡಿದುಕೊಂಡು ಕೂತ. ಆಮೇಲೆ ಒಳಗೆ ಮಾತು ನಿಂತಿತು. ಇಂಜಿನ್ ಸದ್ದು ಮಾತ್ರ.

ಪುರ್ಸಣ್ಣ ಕತ್ತು ಹಿಂದಕ್ಕೆ ಹಾಕಿ ಕೇಳಿದ, "ಅತ್ತಿತಾ?"

ಮತ್ತೆ ಕೂಗಿದ.

"ದುಗ್ಗಕ್ಕಾ, ಅತ್ತಿತಾ? ನನಗೆ ಗೊತ್ತಾಗ್ಬೇಕು. ಮುಂದೆ ಮೂಗು ಉಂಟು."

ದುಗ್ಗಮ್ಮ ಬಾಗಿಲಿಗೆ ಬಂದಳು. ತೋಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟು. "ಅತ್ತಿತು," ಎಂದಳು. "ಸಣ್ಣಕ್ಕೆ. ನಿನ್ನ ಇಂಜಿನ್ ಗಲಾಟೆಗೆ ಎಂತ ಕೇಳ್ತದೆ? ಹೆಣ್ಣು." ಅವಳ ಹಿಂದಿನಿಂದ ವಾರಿಜ, "ಹೆಣ್ಣಾ ಅಮ್ಮ? ಉಸಿರಾಡ್ತದಾ?" ಎಂದು ಕೇಳಿದ್ದು ನನಗೂ ಕೇಳಿಸಿತು. "ಆಡ್ತದೆ, ಆಡ್ತದೆ. ನೀನು ಕಣ್ಣು ಮುಚ್ಬೇಡ, ಅಷ್ಟೇ."

ಮಾಬ್ಲ ಅಳುತ್ತ ನಗತೊಡಗಿದ. ಪುರ್ಸಣ್ಣ ನಗಲಿಲ್ಲ. "ಆರು ಆಯ್ತು," ಎಂದ.

ಎಲ್ಲರಿಗೂ ಗೊತ್ತಾಗಿತ್ತು. ಮಾಬ್ಲ ಎದ್ದು ನಿಂತು, "ನಾನು ಇಳೀತೇನೆ. ನನಗೆ ಈಜು ಬರ್ತದೆ. ಇವನಿಗೆ ಬರುದಿಲ್ಲ," ಎಂದ.

"ಆಚೆ ಧಕ್ಕೆಯಲ್ಲಿ ನಲವತ್ತು ಮೆಟ್ಟಿಲು ಉಂಟು. ಅವಳನ್ನ ಹೊರುದು ಯಾರು? ಈ ಸುಕ್ರನಾ? ಇವನ ತೋಳು ನೋಡು," ಎಂದ ಪುರ್ಸಣ್ಣ. ಆಮೇಲೆ ನನ್ನ ಕಡೆ ನೋಡದೆ, "ಬೆಸದವನ ಕೆಲಸ ಇದು. ಭರತ ಏರಿದ್ರೂ ಕಂಬದ ಬುಡದಲ್ಲಿ ಆಳ ಆಗುದಿಲ್ಲ. ಮೊಣಕಾಲಿಗೆ ಬಂದೀತು. ಕಂಬ ಬಿಡ್ಬೇಡ," ಎಂದ. ನಾನು ಆಯ್ತು ಎಂದೆ. ಬೇರೆ ಏನು ಹೇಳುವುದಿತ್ತು? ಸುಮ್ಮನೆ ಕೂರುವುದಕ್ಕೇ ಇಷ್ಟು ವರ್ಷ ನನ್ನನ್ನು ಕರೆದಿದ್ದರು. ಇಳಿಯುವ ದಿನ ಬಂದಾಗ ಇಳಿಯಬೇಕು.

ಪುರ್ಸಣ್ಣ ಬಂಡೆಗೆ ದಂಡೆಯ ಕಡೆಯಿಂದ, ಅಲೆ ಬಡಿಯದ ಪಕ್ಕಕ್ಕೆ ಲಾಂಚನ್ನು ಒಯ್ದ. ಮೂತಿ ಬಂಡೆಗೆ ಬಡಿಯುವಷ್ಟು ಹತ್ತಿರ ಹೋಗಿ ಹಿಂದಕ್ಕೆ ಸರಿಯಿತು. ಎರಡು ಸಲ ನನ್ನ ಕಾಲು ಏಳಲಿಲ್ಲ. ಮೂರನೆಯ ಸಲ ಮಾಬ್ಲ ನನ್ನನ್ನು ತಳ್ಳಿದ. ಬಂಡೆಯ ಪಾಚಿಯ ಮೇಲೆ ಜಾರಿ ಬಿದ್ದೆ, ಎಡಗಾಲಿನ ಚಪ್ಪಲಿ ಸಂದಿನಲ್ಲಿ ಸಿಕ್ಕಿಕೊಂಡು ಕಿತ್ತು ಹೋಯಿತು. ಕೈಗಳಲ್ಲಿ ತೆವಳಿ ಕಂಬ ಹಿಡಿದುಕೊಂಡೆ. ಮಾಬ್ಲ ಲಾಂಚಿನ ಪಕ್ಕಕ್ಕೆ ಕಟ್ಟಿದ್ದ ರಬ್ಬರ್ ಟೈರೊಂದನ್ನು ಬಿಚ್ಚಿ ನನ್ನತ್ತ ಎಸೆದ. "ಸೊಂಟಕ್ಕೆ ಹಾಕ್ಕೊ!" ಎಂದು ಕೂಗಿದ. ಆಮೇಲೆ ಎಣಿಕೆ ಕೇಳಿಸಿತು. ಒಂದು, ಎರಡು, ಮೂರು, ಒಳಗಿನಿಂದ ನಾಲ್ಕು. ಐದು ಎಂದದ್ದು ದುಗ್ಗಮ್ಮ, ಮಗುವಿನ ಪರವಾಗಿ. ಅವಳು ಅದನ್ನು ಜೋರಾಗಿಯೇ ಹೇಳಿದಳು.

ವನಮಾಲೆ ಮೂಗಿನ ಕಡೆಗೆ ಹೋಗುವುದನ್ನು ನೋಡುತ್ತ ನಿಂತೆ. ಹತ್ತು ನಿಮಿಷದಲ್ಲಿ ಅದು ಗುಡ್ಡದ ತುದಿ ದಾಟಿ ಮರೆಯಾಯಿತು. ಸರಿ, ಹೋದರು ಎಂದುಕೊಂಡೆ. ಅಲೆ ಕಂಬದ ಬುಡಕ್ಕೆ ಬಂದು ಹೋಗುತ್ತಿತ್ತು. ಟೈರನ್ನು ಸೊಂಟಕ್ಕೆ ಏರಿಸಿಕೊಂಡೆ, ಅರ್ಧಕ್ಕೆ ನಿಂತಿತು. ಹೆದರಿಕೆಯಾಗಿತ್ತು ಎನ್ನುವುದರಲ್ಲಿ ಮುಚ್ಚುಮರೆ ಇಲ್ಲ. ಹೊತ್ತು ಕಳೆಯಲು ಮಗುವಿಗೆ ಹೆಸರು ಯೋಚಿಸಿದೆ. ಸಮುದ್ರದಲ್ಲಿ ಹುಟ್ಟಿದ್ದರಿಂದ ಮಾಬ್ಲ ಲಾಂಚಿನ ಹೆಸರನ್ನೇ ಇಟ್ಟರೂ ಇಟ್ಟಾನು ಅನಿಸಿತು. ಆಮೇಲೆ ಯಾಕೋ ದಕ್ಷಿಣಕ್ಕೆ ನೋಡಿದೆ.

ಮಂಜುಗಡ್ಡೆ ಕಾರ್ಖಾನೆಯ ಮುಂದೆ, ದೂರದಲ್ಲಿ, ಬಿಳಿ ಕ್ಯಾಬಿನ್ನಿನ ಒಂದು ಲಾಂಚು ಬರುತ್ತಿತ್ತು. ನಮ್ಮ ಊರಿನಲ್ಲಿ ಬಿಳಿ ಕ್ಯಾಬಿನ್ ಇರುವುದು ಒಂದಕ್ಕೇ.

ಅಲ್ಲಿಂದ ನನ್ನ ಬಂಡೆಗೆ ಅದು ಬರಲು ನಲವತ್ತು ನಿಮಿಷ ಬೇಕು. ಆ ನಲವತ್ತು ನಿಮಿಷ ನಾನು ಲೆಕ್ಕ ಹಾಕಿದೆ. ಐವರು ಹೋಗಿದ್ದರು, ನಾಲ್ವರಾಗಿ ಬರುತ್ತಿದ್ದಾರೆ. ನನ್ನ ತಲೆಗೆ ಹೊಳೆದದ್ದು ಒಂದೇ ಹೆಸರು. ತಳದ ನೀರನ್ನು ನಾನೇ ಪಂಪು ಮಾಡಿದ್ದೆ. ಧಕ್ಕೆಯ ಮೇಲೆ ಜನ ಎದ್ದು ನಿಂತಿರುತ್ತಾರೆ ಎಂದುಕೊಂಡೆ. ನೀರು ಮೊಣಕಾಲಿಗೆ ಬಂದಿತ್ತು, ಅದು ಗಮನಕ್ಕೆ ಬರಲಿಲ್ಲ. ಲಾಂಚು ದೊಡ್ಡದಾಗುತ್ತ ಬಂತು. ಚಕ್ರದ ಹಿಂದೆ ಪುರ್ಸಣ್ಣ ಕಂಡ, ಒಂದು. ಮೂತಿಯಲ್ಲಿ ಕೂತ ಮಾಬ್ಲ, ಎರಡು. ಕ್ಯಾಬಿನ್ ಬಾಗಿಲಲ್ಲಿ ದುಗ್ಗಮ್ಮ, ಮೂರು. ಅವಳ ತೋಳಲ್ಲಿ ಆ ಗಂಟು. ಮಗುವನ್ನು ಹೇಗೆ ಹಿಡಿದುಕೊಳ್ಳಬೇಕೋ ಹಾಗೆಯೇ ಹಿಡಿದಿದ್ದಳು, ತಲೆಗೆ ಅಂಗೈ ಕೊಟ್ಟು. ಅದು ನಾಲ್ಕು ಎಂದುಕೊಂಡೆ. ಅಲ್ಲಿಗೆ ನನ್ನ ಲೆಕ್ಕ ಮುಗಿದಿತ್ತು.

ಲಾಂಚು ಬಂಡೆಗೆ ತಾಗುವಷ್ಟು ಹತ್ತಿರ ಬಂದಾಗ ಒಳಗಿನಿಂದ ವಾರಿಜಳ ದನಿ ಬಂತು. "ಮತ್ತೆ ಯಾಕೆ ನಿಲ್ಲಿಸಿದ್ದು?"

ನಾನು ದುಗ್ಗಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಮಾಬ್ಲ ಕೈ ಚಾಚಿದ, ನಾನು ಹಾರಿದೆ, ಅವನು ನನ್ನ ಅಂಗಿ ಹಿಡಿದು ಒಳಕ್ಕೆ ಎಳೆದುಕೊಂಡ. ಅವನ ಕಣ್ಣುಗಳು ಒಣಗಿದ್ದವು. ಪುರ್ಸಣ್ಣ ತಕ್ಷಣ ಇಂಜಿನ್ ಏರಿಸಿ ಮೂತಿಯನ್ನು ಉತ್ತರಕ್ಕೆ ತಿರುಗಿಸಿದ. ಎಣಿಕೆ ಮಾಡಲಿಲ್ಲ. ಪೊಲೀಸಿನವನನ್ನು ಬಿಟ್ಟು ಹೋದ ಮನುಷ್ಯ ಆ ದಿನ ಎಣಿಕೆ ಮಾಡಲಿಲ್ಲ.

"ಪುರ್ಸಣ್ಣ," ಎಂದಳು ವಾರಿಜ ಒಳಗಿನಿಂದ. "ಆ ಕಂಬ ನನಗೆ ಕಿಟಕಿಯಲ್ಲಿ ಎರಡು ಸಲ ಕಂಡಿತು."

"ಅಲೆ ಮಗಾ. ಸುತ್ತು ಹಾಕ್ಬೇಕಾಯ್ತು."

"ಈಗ ಯಾರೋ ಹತ್ತಿದ್ರು. ಸುಕ್ರನಾ?"

ಬಾಗಿಲಿನಿಂದ ನನ್ನ ಕಾಲುಗಳು ಅವಳಿಗೆ ಕಾಣುತ್ತಿದ್ದಿರಬೇಕು, ಒಂದರಲ್ಲಿ ಚಪ್ಪಲಿ, ಒಂದರಲ್ಲಿ ಇಲ್ಲ.

"ಹತ್ತಿದ್ರೆ ಎಣಿಕೆ ಆಗ್ಬೇಕಲ್ಲ," ಎಂದಳು. "ಎಣಿಸಿ."

"ಮಲಗು ವಾರಿಜಾ," ಎಂದ ಮಾಬ್ಲ.

"ಎಣಿಸಿ ಅಂದೆ."

ಪುರ್ಸಣ್ಣ ಇಂಜಿನ್ ತಗ್ಗಿಸಿದ. ಚಕ್ರ ಹಿಡಿದ ಕೈಯ ಮೇಲೆ ಹಣೆ ಇಟ್ಟು, ಎತ್ತಿ, "ಒಂದು" ಎಂದ. ಮಾಬ್ಲ ಎರಡು ಸಲ ಕೆಮ್ಮಿ "ಎರಡು" ಎಂದ. ದುಗ್ಗಮ್ಮ "ಮೂರು" ಎಂದಳು. "ನಾಲ್ಕು," ಎಂದಳು ವಾರಿಜ. ಹಿಂದಿನ ಎಣಿಕೆಯಲ್ಲಿ ಐದು ಮಗುವಿನದಾಗಿತ್ತು. ನಾನು ಆ ಗಂಟನ್ನು ನೋಡಿದೆ. ದುಗ್ಗಮ್ಮನ ಬೆರಳು ಇನ್ನೂ ಅದರ ಎದೆಯನ್ನು ಉಜ್ಜುತ್ತಿತ್ತು.

"ಮುಂದೆ," ಎಂದಳು ವಾರಿಜ.

"ಐದು," ಎಂದೆ ನಾನು.

"ಸರಿ, ಹೋಗಿ," ಎಂದಳು ಅವಳು. ಆಮೇಲೆ, "ಅಮ್ಮ, ಕೊಡು ಇಲ್ಲಿ."

ಮೂಗು ದಾಟಿದೆವು. ಬಿಳಿ ನೀರಿನ ಟ್ಯಾಂಕು ಕಂಡಿತು. ಅಲ್ಲಿಂದ ಧಕ್ಕೆಗೆ ಒಂದು ಗಂಟೆ ಪುರ್ಸಣ್ಣ ಇಂಜಿನ್ ಕಾಯುವುದನ್ನೂ ಲೆಕ್ಕಿಸದೆ ಓಡಿಸಿದ. ನಾನು ಬಟ್ಟೆ ಒದ್ದೆ ಮಾಡಿ ಇಂಜಿನ್ ಪೆಟ್ಟಿಗೆಯ ಮೇಲೆ ಹಾಕುತ್ತಿದ್ದೆ, ಅದು ಹೊಗೆಯಾಡಿ ಒಣಗುತ್ತಿತ್ತು. ನಲವತ್ತು ಮೆಟ್ಟಿಲನ್ನು ಮಾಬ್ಲ ಒಂದೇ ಉಸಿರಿಗೆ ಹತ್ತಿದ, ಹೆಂಡತಿಯನ್ನು ಹೊತ್ತುಕೊಂಡು. ಅವಳು ಮಗುವನ್ನು ಹಿಡಿದುಕೊಂಡಿದ್ದಳು. ಮೇಲೆ ನರ್ಸು ಅದನ್ನು ತೆಗೆದುಕೊಳ್ಳುವ ತನಕ ಬಿಡಲಿಲ್ಲ.

ಆಸ್ಪತ್ರೆಯ ಜಗಲಿಯ ಬೆಂಚಿನಲ್ಲಿ ನಾನು ಮತ್ತು ದುಗ್ಗಮ್ಮ ಕೂತೆವು. ಒಳಗೆ ಮಗಳ ಹೊಟ್ಟೆ ಕೊಯ್ಯುತ್ತಿದ್ದರು. ನಾನು ಏನೂ ಕೇಳಬಾರದು ಎಂದುಕೊಂಡಿದ್ದೆ. ಆದರೂ ಬಾಯಿ ತಪ್ಪಿ ಬಂತು. "ನಾನು ಇಳೀಬೇಕಾಗ್ತದೆ ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ತು."

"ಲಾಂಚು ತಿರುಗಿ ಬರ್ತದೆ ಅಂತ ಗೊತ್ತಿತ್ತಲ್ಲ."

"ಅವಳು ನನ್ನ ಮುಖವನ್ನೇ ನೋಡ್ತಾ ಇದ್ಳು. ಇಲ್ಲ ಅಂದಿದ್ರೆ ಅಲ್ಲೇ ಜೀವದ ಆಸೆ ಬಿಡ್ತಿದ್ಳು. ಬಿಡುವವರ ಮುಖ ನನಗೆ ಗೊತ್ತುಂಟು." ದುಗ್ಗಮ್ಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಮೂಗಿಗೆ ಹತ್ತು ನಿಮಿಷ ಉಂಟಲ್ಲ, ಅಷ್ಟರೊಳಗೆ ಉಸಿರು ಹಿಡಿಸ್ತೇನೆ ಅಂದ್ಕೊಂಡೆ. ಹಿಡಿಸಿದರೆ ನಾನು ಹೇಳಿದ್ದು ಸುಳ್ಳಲ್ಲ. ಹಿಂದೆ ಹಿಡಿಸಿದ್ದೇನೆ."

"ಯಾರಿಗೆ?"

"ನಿನಗೇ. ನಿನ್ನ ಅಮ್ಮ ಹೇಳ್ಲಿಲ್ವಾ? ನೀನೂ ಹೀಗೇ ನೀಲಿ ಇದ್ದೆ. ಅತ್ತಿತು ಅಂತ ಮೊದಲು ಹೇಳಿದೆ. ನೀನು ಅತ್ತದ್ದು ಆಮೇಲೆ."

ಅಮ್ಮ ಹೇಳಿರಲಿಲ್ಲ. ನಾನು ಸುಮ್ಮನೆ ಕೂತೆ. ಕೂರುವುದು ನನಗೆ ಗೊತ್ತಿದ್ದ ಕೆಲಸ.

ಸಂಜೆ ಡಾಕ್ಟರು ಹೊರಗೆ ಬಂದು ಜೀವಕ್ಕೆ ಅಪಾಯವಿಲ್ಲ ಎಂದರು. ಗರ್ಭಕೋಶ ತೆಗೆಯಬೇಕಾಯಿತು, ಒಂದು ಗಂಟೆ ಮೊದಲು ಬಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದರು. ಅವರು ಅದನ್ನು ಯಾರನ್ನೂ ದೂರುವುದಕ್ಕೆ ಹೇಳಲಿಲ್ಲ. ಕೇಳಿದ್ದರಿಂದ ಹೇಳಿದರು. ದುಗ್ಗಮ್ಮ ತಲೆಯಾಡಿಸಿದಳು.

ಮಗುವನ್ನು ಆಚೆ ಊರಿನ ದಂಡೆಯಲ್ಲೇ ಹೂಳಿದೆವು. ಹದಿನೆಂಟು ದಿನಗಳ ನಂತರ ಅದೇ ಐವರು ಅದೇ ಲಾಂಚಿನಲ್ಲಿ ಹಿಂದಕ್ಕೆ ಬಂದೆವು. ಸಮುದ್ರ ಶಾಂತವಾಗಿತ್ತು. ವಾರಿಜ ಕ್ಯಾಬಿನ್ನಿಗೆ ಹೋಗದೆ ಹೊರಗೆ ಕೂತಿದ್ದಳು. ಬೋಳುಕಲ್ಲು ಬಂದಾಗ ಕಂಬವನ್ನು ತೋರಿಸಿ, "ಚಪ್ಪಲಿ ಉಂಟಾ ನೋಡು," ಎಂದಳು. ನೋಡಿದೆ. ಇರಲಿಲ್ಲ. ಆಮೇಲೆ ಯಾರೂ ದುಗ್ಗಮ್ಮನನ್ನು ಹೆರಿಗೆಗೆ ಕರೆಯಲಿಲ್ಲ. ಅವಳ ಮೇಲೆ ಸಿಟ್ಟಿನಿಂದಲ್ಲ. ಕರೆದರೂ ಅವಳು ಹೋಗುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ತಾಯಿ ಮಗಳು ಮಾತು ಬಿಟ್ಟಿಲ್ಲ. ಒಂದೇ ಒಲೆಯ ಮುಂದೆ ಕೂತು ಮೀನು ಹೆಚ್ಚುತ್ತಾರೆ.

ಮುಂದಿನ ವರ್ಷದಿಂದ ಮಾಬ್ಲ ಮತ್ತು ವಾರಿಜ ಮತ್ತೆ ಸಿನಿಮಾಕ್ಕೆ ಹೊರಟರು. ಈಗಲೂ ಅವರ ಬೆಸದವನು ನಾನೇ. ಈಜು ಕಲಿಯಲು ಒಂದು ತಿಂಗಳು ಹೊಳೆಗೆ ಹೋದೆ, ಬರಲಿಲ್ಲ, ಬಿಟ್ಟೆ.

ಆ ದಿನ ಹೋದದ್ದು ಇಷ್ಟು: ಐವತ್ತು ನಿಮಿಷ. ಎಂಟು ಲೀಟರು ಡೀಸೆಲ್. ಎಡಗಾಲಿನ ಒಂದು ಚಪ್ಪಲಿ. ಊರಿಗಿದ್ದ ಒಬ್ಬ ಸೂಲಗಿತ್ತಿ. ಒಂದು ಗರ್ಭಕೋಶ. ಎಣಿಕೆಗೆ ಬಾರದ ಒಂದು ಹೆಣ್ಣುಮಗು.